ತೋಟಪ್ಪನ ಇಪ್ಪತ್ಮೂರು ಮದ್ದು

ಅಕ್ಟೋಬರ್ ೧, ೨೦೨೫, ಬುಧವಾರ. ಶಿಕಾರಿಪುರ

ಆಯುಧಪೂಜೆ. ಬೆಳಿಗ್ಗೆಯಿಂದ ಹೆಂಡತಿ ವಾಗ್ದೇವಿಯದೇ ರಾಜ್ಯಭಾರ. ಈಳಿಗೆಮಣೆ, ಕತ್ತರಿ, ಸ್ಕೂಟರ್ ಕೀಲಿ ಎಲ್ಲವೂ ಮಣೆ ಏರಿ ಕುಳಿತಿದ್ದವು. ಪಶು ಚಿಕಿತ್ಸಾಲಯದಲ್ಲಿ ನಿವೃತ್ತನಾಗುವ ತನಕ ಮೂವತ್ತೆರಡು ವರ್ಷ ನಾನು ಹೊತ್ತ ಚರ್ಮದ ಚೀಲವನ್ನೂ ಅಟ್ಟದಿಂದ ಇಳಿಸಿದ್ದಳು. ದನದ ಹೊಟ್ಟೆ ಉಬ್ಬರಿಸಿದಾಗ ಚುಚ್ಚಿ ಗಾಳಿ ಬಿಡುವ ಕೊಳವೆಸೂಜಿಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಮಾಡಿದ್ದಳು. ಪಕ್ಕದಲ್ಲಿ ನನ್ನ ಲ್ಯಾಪ್‌ಟಾಪು, ಅದರ ಪಕ್ಕ ಹಾರ್ಡ್ ಡಿಸ್ಕು. ಪೂಜೆ ಮುಗಿಸಿ ತೀರ್ಥ ಚಿಮುಕಿಸಿದಾಗ ನಾಲ್ಕು ಹನಿ ನೇರ ಡಿಸ್ಕಿನ ಮೇಲೆ.

"ಅದು ಆಯುಧ ಅಂತ ಯಾರು ಹೇಳಿದ್ದು ನಿನಗೆ?" ಎಂದೆ.

"ನೀವೇ ದಿನಾ ಅದನ್ನ ಮುಟ್ಟಿ ಮುಟ್ಟಿ ನೋಡ್ತೀರಲ್ಲ," ಎಂದಳು.

ನೀರು ಒಳಗೆ ಹೋಯಿತೇನೋ ಎಂದು ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಆದರೆ ಪೂಜೆಗಿಟ್ಟ ವಸ್ತುವನ್ನು ಸಂಜೆಯ ತನಕ ಬಳಸುವಂತಿಲ್ಲವಂತೆ, ನನ್ನ ಲ್ಯಾಪ್‌ಟಾಪ್ ಕೊಡಲಿಲ್ಲ. ಡಿಸ್ಕನ್ನು ಮಾತ್ರ ಹೇಗೋ ಎತ್ತಿಕೊಂಡು, ಅವಳ ಶಾಲೆಯ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಅದು ಇಂಗ್ಲಿಷಿನಲ್ಲಿ ಏನೋ ಕೇಳಿತು, ಸರಿ ಎಂದು ಒತ್ತಿದೆ. ಮತ್ತೇನೋ ಕೇಳಿತು, ಅದಕ್ಕೂ ಒತ್ತಿದೆ. ಡಿಸ್ಕು ಜೀವಂತವಾಗಿದೆ ಎಂದು ಗೊತ್ತಾಯಿತು, ಕಿತ್ತು ತೆಗೆದೆ.

ಸಂಜೆ ನನ್ನ ಲ್ಯಾಪ್‌ಟಾಪಿನ ಲಿನಕ್ಸಿನಲ್ಲಿ ಹಾಕಿದರೆ ಪಾಸ್‌ವರ್ಡನ್ನೇ ಕೇಳುತ್ತಿಲ್ಲ. ಖಾಲಿ ಡಿಸ್ಕು ಎನ್ನುತ್ತಿದೆ. ನೀರು ಹೋಗಿದೆ. ನಾನು ಹೇಳಿರಲಿಲ್ಲವೇ?

ಅಕ್ಟೋಬರ್ ೩, ಶುಕ್ರವಾರ

ಬಸ್ ಸ್ಟ್ಯಾಂಡ್ ಹತ್ತಿರದ ಯತೀಶನ ಕಂಪ್ಯೂಟರ್ ಅಂಗಡಿಗೆ ಹೋಗಿದ್ದೆ. ನನಗೆ ಲಿನಕ್ಸ್ ಕಲಿಸಿದವನು, ಈ ಡಿಸ್ಕಿಗೆ ಬೀಗ ಹಾಕಿಕೊಟ್ಟವನೂ ಅವನೇ. ಅರ್ಧ ಗಂಟೆ ನೋಡಿ ಕನ್ನಡಕ ತೆಗೆದ.

"ನೀರಲ್ಲ ಸರ್. ಯಾರೋ ವಿಂಡೋಸ್‌ನಾಗೆ ಹಾಕಿ ಫಾರ್ಮ್ಯಾಟ್ ಕೊಟ್ಟಾರ. ಹೆಡರ್ ಹೋಗೈತ್ರೀ, ಡಿಸ್ಕಿನ ತಲೆಭಾಗ."

"ಪಾಸ್‌ವರ್ಡ್ ನನಗೆ ಬಾಯಿಪಾಠ ಇದೆಯಲ್ಲ?"

"ಪಾಸ್‌ವರ್ಡಿಂದ ಏನೂ ಆಗಂಗಿಲ್ರೀ. ಡಿಸ್ಕಿನ ಅಸಲಿ ಕೀಲಿ ಇರೋದು ಹೆಡರಿನಾಗೆ. ನಿಮ್ ಪಾಸ್‌ವರ್ಡು ಆ ಕೀಲಿ ಇಟ್ಟ ಡಬ್ಬಿ ತೆಗಿಯಾಕಷ್ಟೆ. ಡಬ್ಬೀನೇ ಇಲ್ಲ ಅಂದ್ರೆ? ಹೆಡರಿನ ನಕಲು ತೆಗೆದಿಡ್ರೀ ಅಂದಿದ್ನಲ್ಲ, ಎಲ್ಲಿಟ್ಟೀರಿ?"

ತೆಗೆದಿದ್ದೆ. ಆ ಡಿಸ್ಕಿನೊಳಗೇ ಇಟ್ಟಿದ್ದೆ.

ಯತೀಶ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಮೊದಲು ಡಿಸ್ಕು ಹೇಗಿದೆಯೋ ಹಾಗೇ ಇನ್ನೊಂದಕ್ಕೆ ಪೂರ್ತಿ ನಕಲು ಮಾಡುತ್ತೇನೆ, ಏನೇ ಪ್ರಯತ್ನ ಪಟ್ಟರೂ ನಕಲಿನ ಮೇಲೆ, ಅಸಲನ್ನು ಯಾರೂ ಮುಟ್ಟಕೂಡದು ಎಂದ.

ಕಳೆದುಕೊಂಡದ್ದು ಏನು ಎಂದು ಬರೆದುಬಿಡುತ್ತೇನೆ, ಬರೆದರೆ ಎದೆ ಹಗುರವಾದೀತು. ಸೊರಬದ ಹೊಸಬಾಳೆಯ ತೋಟಪ್ಪ ದನಗಳಿಗೆ ನಾಟಿ ಮದ್ದು ಕೊಡುವವನು. ಸರ್ಕಾರಿ ಮನುಷ್ಯನಾದ ನಾನು ಇಪ್ಪತ್ತು ವರ್ಷ ಅವನನ್ನು ಕಂಡು ಮೂಗು ಮುರಿದೆ, ಕೊನೆಗೆ ನಾನು ಕೈಬಿಟ್ಟ ಎರಡು ಮೂರು ದನ ಅವನ ಕೈಯಲ್ಲಿ ಎದ್ದದ್ದು ನೋಡಿ ಸುಮ್ಮನಾದೆ. ಎರಡು ವರ್ಷದ ಹಿಂದೆ ಅವನೇ ಕರೆದ. ಮಗ ಮಾಲತೇಶ ಮಾತು ಬಿಟ್ಟಿದ್ದಾನೆ, ಕಲಿಯುವುದಿಲ್ಲ ಅಂತಾನೆ, ಮುಂದೊಂದು ದಿನ ಅವನಾಗಿ ಕೇಳಿದರೆ ಕೊಡಿ, ನಿಮ್ಮ ಮಿಷನ್ನಿನಲ್ಲಿ ಹಿಡಿದಿಡಿ ಎಂದ. ಇಪ್ಪತ್ಮೂರು ಮದ್ದು. ರೆಕಾರ್ಡರ್ ಇಟ್ಟು ನಾನು ಹೊರಗೆ ಹೋಗಬೇಕು, ಕೇಳಬಾರದು. ಬೇರೆಯವರ ಕಿವಿಗೆ ಗಿಡದ ಹೆಸರು ಬಿದ್ದರೆ ಮದ್ದು ನಾಟುವುದಿಲ್ಲವಂತೆ. ಬೀಗ ಹಾಕಿಡಬೇಕು, ಎರಡನೇ ಕಡೆ ಇರಕೂಡದು. ಹಾಗಾಗಿ ಇನ್ನೊಂದು ಪ್ರತಿ ಮಾಡಲೇ ಇಲ್ಲ.

ಹೋದ ಶ್ರಾವಣದಲ್ಲಿ ತೋಟಪ್ಪನಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತು ಪೂರ್ತಿ ಹೋಯಿತು.

ಅಕ್ಟೋಬರ್ ೪, ಶನಿವಾರ

ವಾಗ್ದೇವಿಯ ಹತ್ತಿರ ಮಾತಿಲ್ಲ. ಡಿಸ್ಕನ್ನು ಮಣೆ ಹತ್ತಿಸದಿದ್ದರೆ ಇದೆಲ್ಲ ಆಗುತ್ತಿತ್ತೇ?

ಅಕ್ಟೋಬರ್ ೫, ಭಾನುವಾರ

ಸ್ನಾನ ಮಾಡುವಾಗ ನೆನಪಾಗಿ ಸೋಪು ತೊಳೆಯದೆ ಹೊರಗೆ ಬಂದೆ. ಹೆಡರಿನ ಇನ್ನೊಂದು ನಕಲಿದೆ!

ರೆಕಾರ್ಡಿಂಗ್ ಮುಗಿದ ದಿನ ತೋಟಪ್ಪ ಹಟ ಹಿಡಿದಿದ್ದ. "ಬೀಗ ನಿಮ್ಮ ಹತ್ರ ಇರ್ಲಿ ಡಾಕ್ಟ್ರೇ, ಕೀಲಿ ನಂಗೂ ಒಂದು ಕೊಡಿ." ನಾನು ಡಾಕ್ಟರಲ್ಲ, ದನದಾಸ್ಪತ್ರೆಯ ಇನ್‌ಸ್ಪೆಕ್ಟರು ಎಂದು ಎಷ್ಟು ಸಲ ಹೇಳಿದರೂ ಆ ಕಡೆಯ ಜನ ಹಾಗೇ ಕರೆಯುವುದು. ಅವನ ಬಾಯಿ ಮುಚ್ಚಿಸಲಿಕ್ಕೆ ಆ ಹೆಡರ್ ಫೈಲನ್ನು ಒಂದು ಹಳೆ ಪೆನ್‌ಡ್ರೈವಿಗೆ ಹಾಕಿ, ಇಗೋ ಕೀಲಿ ಎಂದು ಕೊಟ್ಟಿದ್ದೆ. ಮನೆಗೆ ಬಂದು ವಾಗ್ದೇವಿಗೆ ಹೇಳಿ ನಕ್ಕಿದ್ದೆ ಬೇರೆ. ಅವನು ಅದನ್ನು ಕಣ್ಣಿಗೊತ್ತಿಕೊಂಡು ಮದ್ದಿನ ಚೀಲಕ್ಕೆ ಹಾಕಿದ್ದ.

ಮಂಗಳವಾರ ಹೊಸಬಾಳೆಗೆ. ಕೇಳಿ ತಂದರಾಯಿತು.

ಅಕ್ಟೋಬರ್ ೭, ಮಂಗಳವಾರ. ಭೂಮಿ ಹುಣ್ಣಿಮೆ

ಹೋಗಿ ಬಂದೆ. ಸಿಗಲಿಲ್ಲ. ಚೀಲ ಗೋಡೆಯ ಗೂಟದಲ್ಲೇ ಇತ್ತು. ತೋಟಪ್ಪನ ಹೆಂಡತಿ ಲೋಕಮ್ಮ ಬಣ್ಣ ಬರೆದ ಬುಟ್ಟಿಯಲ್ಲಿ ಎಡೆ ತುಂಬಿಕೊಂಡು ಗದ್ದೆಗೆ ಹೊರಟಿದ್ದಳು, ಬಸುರಿ ಭೂಮಿಗೆ ಬಡಿಸಲು. ಬುಟ್ಟಿ ಇಳಿಸಿ ಹೇಳಿದಳು:

"ಆ ಚೀಲ ಕೈಯಾಗೆ ಹಿಡ್ದೋನೇ ಮುಂದೆ ಮದ್ದು ಕೊಡಬೇಕು ಡಾಕ್ಟ್ರೇ. ನಾನೇ ಇಷ್ಟು ವರ್ಷ ಮುಟ್ಟಿಲ್ಲ. ಹಿಡ್ದ ಮೇಲೆ ಯಾರೇ ಕರೀಲಿ, ಉಣ್ಣೋ ಎಲೆ ಬಿಟ್ಟು ಏಳಬೇಕು. ಇವರದ್ದು ಎಷ್ಟು ಸಲ ಎಲೆ ಮುಚ್ಚಿಟ್ಟೀನಿ ನಾನು! ಮಾಲತೇಶ ಹಿಡಿಯಲ್ಲ ಅಂತಾನೆ. ನೀವು ಹಿಡೀತೀರಾ?"

ಎಂಥ ಪ್ರಶ್ನೆ. ಮೂವತ್ತೆರಡು ವರ್ಷದ ಸರ್ವಿಸಿನಲ್ಲಿ ನಾನು ಊಟಕ್ಕೆ ಕುಳಿತಾಗ ಬಂದವರು ಜಗಲಿಯ ಮೇಲೆ ಕಾಯುತ್ತಿದ್ದರು. ಅದು ಶಿಸ್ತು. ಶಿಸ್ತಿಲ್ಲದೆ ಸರ್ಕಾರಿ ಕೆಲಸ ನಡೆಯುವುದಿಲ್ಲ.

ಹಳ್ಳಿಯವರ ನಂಬಿಕೆಯ ಮುಂದೆ ಏನು ಮಾಡಲಿಕ್ಕಾಗುತ್ತದೆ? ಬಸ್ಸು ಹಿಡಿದು ಬಂದುಬಿಟ್ಟೆ.

ಅಕ್ಟೋಬರ್ ೮, ಬುಧವಾರ

ನಿನ್ನೆ ಪೂರ್ತಿ ಬರೆಯಲಿಲ್ಲ. ನನ್ನ ದಿನಚರಿಯಲ್ಲೇ ಸುಳ್ಳು ಬರೆದರೆ ಇನ್ನೆಲ್ಲಿ ನಿಜ ಬರೆಯುವುದು?

ಲೋಕಮ್ಮ ಗದ್ದೆಗೆ ಹೋದ ಮೇಲೆ ಮನೆಯಲ್ಲಿ ತೋಟಪ್ಪ, ನಾನು ಇಬ್ಬರೇ. ಗೂಟದ ಪಕ್ಕದ ಹಾಸಿಗೆಯಲ್ಲಿ ಅವನು ಕಣ್ಣು ಮುಚ್ಚಿ ಮಲಗಿದ್ದ. ಎದ್ದು ಗೂಟದ ಕಡೆ ಕೈ ಚಾಚಿದೆ. ಪೆನ್‌ಡ್ರೈವ್ ನನ್ನದೇ ತಾನೆ ಎಂದು ಮನಸ್ಸಿನಲ್ಲಿ ವಾದ ಹೂಡಿಕೊಂಡೆ. ಚೀಲದ ದಾರಕ್ಕೆ ಬೆರಳು ತಾಗುವಷ್ಟರಲ್ಲಿ ಹಿಂದಿನಿಂದ ನನ್ನ ಪಂಚೆಯನ್ನು ಯಾರೋ ಜಗ್ಗಿದರು. ತೋಟಪ್ಪನ ಎಡಗೈ. ಗಂಟಲಿಂದ ದನಿಯಲ್ಲದ ಒಂದು ದನಿ ಬಂತು. ಸಿಟ್ಟಾಗಿದ್ದರೆ ತಡೆದುಕೊಳ್ಳುತ್ತಿದ್ದೆ, ಅವನು ಅಳುತ್ತಿದ್ದ.

ಅಕ್ಟೋಬರ್ ೧೧, ಶನಿವಾರ

ಸೊರಬದಲ್ಲಿ ಮಾಲತೇಶನನ್ನು ಹಿಡಿದೆ. ಹಾಲಿನ ವ್ಯಾನ್ ಓಡಿಸುತ್ತಾನೆ. ಹೊಸಬಾಳೆ, ಜಡೆ ಕಡೆಯ ಹಳ್ಳಿಗಳಿಂದ ಕ್ಯಾನ್ ತರುವ ಕೆಲಸ. ಅಪ್ಪನದೇ ಎತ್ತರ, ಅಪ್ಪನದೇ ಹುಬ್ಬು. ಡಿಸ್ಕಿನ ಕಥೆ ಪೂರ್ತಿ ಹೇಳಿದೆ. ಕ್ಯಾನ್ ಇಳಿಸುತ್ತಲೇ ಕೇಳಿಸಿಕೊಂಡ.

"ಹೋದ್ರೆ ಹೋತು ಬಿಡಿ ಡಾಕ್ಟ್ರೇ. ನೀವು ಓದ್ದೋರು, ನೀವ್ಯಾಕೆ ಅದನ್ನ ನಂಬ್ತೀರಿ? ನಮ್ ಕೆಂಪೀನ ಕೊಂದಿದ್ದು ಆ ಎಲೆ ರಸಾನೇ ಅಲ್ವಾ? ನೀವೇ ನೋಡೀರಲ್ಲ."

ಕೆಂಪಿ ಅವರ ಹಸು. ಮೂರು ವರ್ಷದ ಹಿಂದೆ ಹೊಟ್ಟೆ ಉಬ್ಬರಿಸಿ ಸತ್ತಿತು. ಅವತ್ತಿನಿಂದ ಒಂದೇ ಅಂಗಳದಲ್ಲಿ ಎರಡು ಒಲೆ, ಅಪ್ಪ ಮಗ ಮಾತಿಲ್ಲ.

"ನಾ ಚೀಲ ಮುಟ್ಟಲ್ಲ" ಎಂದ. ನಾನು ಬಸ್ ಸ್ಟ್ಯಾಂಡಿಗೆ ನಡೆದೆ. ಹೇಳಬೇಕಾದ್ದು ಇತ್ತು.

ಅಕ್ಟೋಬರ್ ೧೩, ಸೋಮವಾರ

ನಾನು ಬರೆಯುತ್ತಿರುವ ಪುಸ್ತಕದ ಹಸ್ತಪ್ರತಿ ತೆಗೆದು ನೋಡಿದೆ. ಹಸ್ತಪ್ರತಿ ಎಂದರೆ ಹನ್ನೆರಡು ಹಾಳೆ ಮುನ್ನುಡಿ, ಮೇಲೆ ಪುಸ್ತಕದ ಹೆಸರು, ನನ್ನ ಹೆಸರು: 'ಮಲೆನಾಡ ಅಂಚಿನ ಪಶುಮದ್ದು, ಸಂಗ್ರಹ: ಶ್ರೀಕಾಂತ'. ತೋಟಪ್ಪನ ಕಾಲ ಮುಗಿದ ಮೇಲೆ ಬೀಗ ತೆಗೆದು ಅಚ್ಚು ಹಾಕಿಸುವುದೆಂದು ನನ್ನ ಯೋಚನೆಯಿತ್ತು. ಜ್ಞಾನ ಉಳಿಯಬೇಕಲ್ಲ ಎಂದು ಸಮರ್ಥನೆ ಬೇರೆ. ಒಂದು ಸಲ ಮೊದಲ ರೆಕಾರ್ಡಿಂಗನ್ನು ಕದ್ದು ಎರಡು ನಿಮಿಷ ಕೇಳಿಯೂ ಇದ್ದೆ. ಅದರಲ್ಲಿ ಗಿಡದ ಮಾತೇ ಇರಲಿಲ್ಲ. ದನದ ಪಕ್ಕ ಹೇಗೆ ಕೂರಬೇಕು, ಅದರ ಉಸಿರು ನಮಗೆ ಒಗ್ಗುವ ತನಕ ಹೇಗೆ ಸುಮ್ಮನಿರಬೇಕು ಎಂದು ಹೇಳುತ್ತಿದ್ದ. ಬೇಸರವಾಗಿ ನಿಲ್ಲಿಸಿದ್ದೆ.

ಮಧ್ಯಾಹ್ನ ಅನ್ನ ಸೇರಲಿಲ್ಲ. ವಾಗ್ದೇವಿ ತಟ್ಟೆ ನೋಡಿ ಕೇಳಿದಳು, "ಏನ್ರೀ, ಇನ್ನೂ ನನ್ ಮೇಲೇ ಸಿಟ್ಟಾ?"

"ನಿನ್ನ ಮೇಲಲ್ಲ. ಸರಿ ಸರಿ ಅಂತ ಎರಡು ಸಲ ಒತ್ತಿದ್ದು ನಾನೇ."

"ಅದು ಯತೀಶ ಅವತ್ತೇ ಫೋನ್ ಮಾಡಿ ಹೇಳಿದ್ದ," ಎಂದಳು. ಹತ್ತು ದಿನ ಗೊತ್ತಿದ್ದೂ ಸುಮ್ಮನಿದ್ದಳು. ಆಮೇಲೆ ಮೆಲ್ಲಗೆ, "ನಿಮಗೆ ಊಟ ಸೇರದೆ ಇರೋದು ಡಿಸ್ಕಿಂದ ಅಲ್ಲ. ಬೇರೆ ಏನೋ ಇದೆ."

ಹೇಳಿದೆ. ಕೆಂಪಿಯ ವಿಷಯ ಮೊದಲ ಸಲ ಇನ್ನೊಬ್ಬರಿಗೆ ಹೇಳಿದೆ. "ಇದನ್ನ ನನಗಲ್ಲ ಹೇಳಬೇಕಾದ್ದು," ಎಂದು ತಟ್ಟೆ ಎತ್ತಿಕೊಂಡು ಹೋದಳು.

ಅಕ್ಟೋಬರ್ ೧೬, ಗುರುವಾರ

ಬೆಳಿಗ್ಗೆ ಮೊದಲ ಬಸ್ಸಿಗೆ ಸೊರಬಕ್ಕೆ ಹೋದೆ. ಜಡೆ ಕಡೆ ಹೊರಟಿದ್ದ ವ್ಯಾನಿನಲ್ಲಿ ಮಾಲತೇಶನ ಪಕ್ಕ ಹತ್ತಿ ಕುಳಿತೆ. ಖಾಲಿ ಕ್ಯಾನುಗಳ ಸದ್ದಿನಲ್ಲಿ ಎರಡು ಸಲ ಹೇಳಬೇಕಾಯಿತು.

"ಕೆಂಪಿ ಸತ್ತ ದಿನ ನೀನು ನನಗೆ ಫೋನ್ ಮಾಡಿದ್ದು ಎಷ್ಟು ಹೊತ್ತಿಗೆ?"

"ಮಧ್ಯಾಹ್ನ. ಒಂದು ಗಂಟೆಗೆ. ನೀವು ಬಂದಿದ್ದು ನಾಲ್ಕಕ್ಕೆ. ಬೇರೆ ಊರಲ್ಲಿ ಕೇಸಿತ್ತು ಅಂದಿದ್ರಲ್ಲ."

"ಕೇಸಿರಲಿಲ್ಲ. ಊಟಕ್ಕೆ ಕೂತಿದ್ದೆ. ಉಂಡು, ಒಂದು ನಿದ್ದೆ ತೆಗೆದು ಬಂದೆ. ಬೇಗ ಬಂದು ಚುಚ್ಚಿ ಗಾಳಿ ಬಿಟ್ಟಿದ್ದರೆ ಬಹುಶಃ ಬದುಕುತ್ತಿತ್ತು. ನಿಮ್ಮ ಅಪ್ಪನ ಮದ್ದು ಅದನ್ನ ಕೊಲ್ಲಲಿಲ್ಲ. ನನ್ನ ಕೈಗೆ ಸಿಗೋ ತನಕ ಉಳಿಸಲಿಕ್ಕೆ ನೋಡಿದ್ದು ಅದೊಂದೇ. ನೀನು ಅಪ್ಪನನ್ನ ಬೈಯುವಾಗ ನಾನು ಅಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ."

ಮಾಲತೇಶ ವ್ಯಾನನ್ನು ಪಕ್ಕಕ್ಕೆ ನಿಲ್ಲಿಸಿದ. ಹೊಡೆದೇ ಬಿಡುತ್ತಾನೆ ಎಂದುಕೊಂಡೆ. ಸ್ಟಿಯರಿಂಗ್ ನೋಡುತ್ತಾ ಕುಳಿತಿದ್ದ.

"ಅಪ್ಪಂಗೆ ಗೊತ್ತಿತ್ತಾ ಇದು?"

ಗೊತ್ತಿತ್ತು ಎಂದೆ. ಅವತ್ತು ನನ್ನ ಅಂಗಿಯ ಮೇಲೆ ಸಾರಿನ ಕಲೆಯಿತ್ತು, ಕಣ್ಣಲ್ಲಿ ನಿದ್ದೆಯಿತ್ತು. ತೋಟಪ್ಪ ಎರಡನ್ನೂ ನೋಡಿದ್ದರು. ಮಗನೆದುರು ನನ್ನ ಮಾನ ತೆಗೆಯಲಿಲ್ಲ.

"ಮೂರು ವರ್ಷ ಅವ್ರ ಹತ್ರ ಮಾತಾಡ್ಲಿಲ್ಲ ನಾನು," ಎಂದ ಮಾಲತೇಶ. "ಈಗ ಮಾತಾಡಣ ಅಂದ್ರೆ ಅವ್ರಿಗೆ ಮಾತಿಲ್ಲ. ಇಳೀರಿ ಡಾಕ್ಟ್ರೇ."

ಇಳಿದೆ. ಜಡೆಗೆ ಇನ್ನೂ ಮೂರು ಕಿಲೋಮೀಟರಿತ್ತು. ನಡೆದೆ.

ಅಕ್ಟೋಬರ್ ೧೮, ಶನಿವಾರ

ಹನ್ನೊಂದು ಗಂಟೆಗೆ ಯತೀಶನ ಫೋನು. "ಸರ್, ಹೊಸಬಾಳೆಯವರು ಯಾರೋ ಬಂದಾರ್ರೀ. ಹಳೇ ಪೆನ್‌ಡ್ರೈವ್ ಹಿಡ್ಕಂಡು ನಿಂತಾರ. ನೀವು ಬರೋಗಂಟ ಕೊಡಂಗಿಲ್ಲ ಅಂತಾರ."

ಸ್ಕೂಟರ್ ಹೇಗೆ ಓಡಿಸಿದೆನೋ ಗೊತ್ತಿಲ್ಲ. ಮಾಲತೇಶನ ಹೆಗಲಿಗೆ ಚೀಲ. ನನ್ನನ್ನು ನೋಡಿ ನಗಲೂ ಇಲ್ಲ, ಸಿಟ್ಟೂ ಮಾಡಲಿಲ್ಲ. ಮೊನ್ನೆ ಸಂಜೆ ಮನೆಗೆ ಹೋಗಿ ಅಪ್ಪನ ಕಾಲ ಬುಡದಲ್ಲಿ ಕುಳಿತನಂತೆ. ಅವರು ಎಡಗೈ ಎತ್ತಿ ಗೂಟ ತೋರಿಸಿದರಂತೆ. ಅಷ್ಟೇ ಹೇಳಿದ.

ಪೆನ್‌ಡ್ರೈವಿಗೆ ಕುಂಕುಮ ಮೆತ್ತಿತ್ತು, ಬೇರಿನ ವಾಸನೆ ಬರುತ್ತಿತ್ತು. ಯತೀಶ ಒರೆಸಿ ಸಿಕ್ಕಿಸಿದ. ಫೈಲು ಇತ್ತು. ಡಿಸ್ಕಿನ ನಕಲಿನ ಮೇಲೆ ಹೆಡರನ್ನು ವಾಪಸ್ ಕೂರಿಸಿ, "ಈಗ ಪಾಸ್‌ವರ್ಡ್ ಹಾಕ್ರೀ" ಎಂದ. ನನ್ನ ಬೆರಳು ಎರಡು ಸಲ ತಪ್ಪಿತು. ಮೂರನೆಯ ಸಲಕ್ಕೆ ತೆರೆಯಿತು.

ಎಲ್ಲ ಉಳಿದಿಲ್ಲ. ಫಾರ್ಮ್ಯಾಟ್ ಆದಾಗ ನಡುವೆ ಅಲ್ಲಲ್ಲಿ ಹೊಸದಾಗಿ ಬರೆದುಹೋಗಿದೆಯಂತೆ, ಹೆಡರ್ ಬಂದರೂ ಆ ಜಾಗ ಬರುವುದಿಲ್ಲ. ಯತೀಶ ಸಂಜೆಯವರೆಗೆ ಒದ್ದಾಡಿದ. ಇಪ್ಪತ್ಮೂರರಲ್ಲಿ ಹತ್ತೊಂಬತ್ತು ಸಿಕ್ಕವು, ನಾಲ್ಕು ಹೋದವು. ಹೋದ ನಾಲ್ಕರಲ್ಲಿ ಹೊಟ್ಟೆ ಉಬ್ಬರದ್ದೂ ಒಂದು. ಅದನ್ನು ಕೇಳಿ ಮಾಲತೇಶ ನನ್ನ ಕಡೆ ನೋಡಿದ, ನಾನು ನೆಲ ನೋಡಿದೆ.

ಮೊದಲನೆಯದನ್ನು ಹಾಕುವಾಗ ನಾನೂ ಯತೀಶನೂ ಹೊರಗೆ ಬಂದು ನಿಂತೆವು. ಗಾಜಿನ ಬಾಗಿಲಿಂದ ಕಾಣುತ್ತಿತ್ತು. ಮಾಲತೇಶ ಇಯರ್‌ಫೋನ್ ಹಾಕಿಕೊಂಡು, ಎರಡೂ ಕೈ ಮಡಿಲಲ್ಲಿ ಇಟ್ಟು, ದನದ ಪಕ್ಕ ಕೂತವನ ಹಾಗೆ ಅಲ್ಲಾಡದೆ ಕುಳಿತಿದ್ದ. ಕೆನ್ನೆ ಒರೆಸಿಕೊಳ್ಳಲೂ ಇಲ್ಲ.

ಅಕ್ಟೋಬರ್ ೨೨, ಬುಧವಾರ. ಬಲಿಪಾಡ್ಯಮಿ

ಗೋಪೂಜೆಗೆ ಬನ್ನಿ ಎಂದು ಲೋಕಮ್ಮ ಹೇಳಿ ಕಳಿಸಿದ್ದರು. ವಾಗ್ದೇವಿಯೂ ಹೊರಟಳು. ಹೊರಡುವಾಗ ನನ್ನ ಚರ್ಮದ ಚೀಲ ಕೈಗೆ ಕೊಟ್ಟಳು. "ದನದ ಹಬ್ಬಕ್ಕೆ ಬರಿಗೈಲಿ ಹೋಗ್ತೀರಾ?" ಎಂದಳು. ಬಸ್ಸಿನಲ್ಲಿ ಅವಳಿಗೆ ಡಿಸ್ಕಿನ ಪಾಸ್‌ವರ್ಡ್ ಹೇಳಿ ಬಾಯಿಪಾಠ ಮಾಡಿಸಿದೆ. ನಾಳೆ ನನಗೆ ಏನಾದರೂ ಆದರೆ?

ಮಾಲತೇಶನಿಗೆ ಹೊಸ ಡಿಸ್ಕು ಕೊಟ್ಟೆ. ಬೀಗ ತೆಗೆಯುವುದು ಹೇಗೆ, ಹೆಡರಿನ ನಕಲು ಎಲ್ಲೆಲ್ಲಿಡಬೇಕು, ಯಾವ ಯಂತ್ರಕ್ಕೆ ಸಿಕ್ಕಿಸಬಾರದು, ಏನು ಕೇಳಿದರೆ ಸರಿ ಎಂದು ಒತ್ತಬಾರದು ಎಲ್ಲ ವಿವರವಾಗಿ ಬರೆದುಕೊಟ್ಟೆ. ಬರೆಯುವಾಗ ನಮ್ಮ ಮನೆಯಲ್ಲಿ ಬಿಳಿ ಹಾಳೆ ಇರಲಿಲ್ಲ. ಆ ಮುನ್ನುಡಿಯ ಹಾಳೆಗಳ ಹಿಂಬದಿ ಖಾಲಿ ಇತ್ತು, ಹನ್ನೆರಡೂ ಹಿಡಿದವು.

ಹೋದ ನಾಲ್ಕು ಮದ್ದಿಗಾಗಿ ಅಪ್ಪ ಮಗ ಮೂರು ದಿನದಿಂದ ಬೆಳಿಗ್ಗೆ ಬೇಲಿ ಸಾಲಿನಲ್ಲಿ ತಿರುಗುತ್ತಿದ್ದಾರಂತೆ. ಮಾಲತೇಶ ಅವರನ್ನು ಹೆಗಲಿಗೆ ಆನಿಸಿಕೊಂಡು ನಡೆಸುತ್ತಾನೆ, ತೋಟಪ್ಪ ಎಡಗೈಯಲ್ಲಿ ಗಿಡ ತೋರಿಸುತ್ತಾರೆ. ಎರಡು ಸಿಕ್ಕಿವೆ. ಹೊಟ್ಟೆ ಉಬ್ಬರದ್ದು ಇನ್ನೂ ಇಲ್ಲ.

ಪೂಜೆಯಾಗಿ ಊಟಕ್ಕೆ ಕುಳಿತೆವು. ತೋಟಪ್ಪ, ಮಾಲತೇಶ, ಪಕ್ಕದಲ್ಲಿ ನಾನು. ಹೋಳಿಗೆಗೆ ತುಪ್ಪ ಬಿದ್ದಿತ್ತಷ್ಟೆ, ಮಾಲತೇಶನ ಫೋನು ಬಡಿದುಕೊಂಡಿತು. ಜಡೆಯ ಪರಮಶಿವಪ್ಪ. ಹಬ್ಬವೆಂದು ಆಕಳಿಗೆ ಅನ್ನ, ಹೋಳಿಗೆ ಅತಿಯಾಗಿ ತಿನ್ನಿಸಿದ್ದಾರೆ, ಹೊಟ್ಟೆ ನಗಾರಿಯಂತೆ ಉಬ್ಬಿದೆ, ಹಬ್ಬದ ದಿನ ಯಾರೂ ಸಿಗುತ್ತಿಲ್ಲ.

ಮಾಲತೇಶ ಎಲೆ ಬಿಟ್ಟು ಎದ್ದ, ಚೀಲ ಹೆಗಲಿಗೇರಿಸಿದ. ಬಾಗಿಲಲ್ಲಿ ನಿಂತು ನನ್ನ ಕಡೆ ತಿರುಗಿದ. "ಡಾಕ್ಟ್ರೇ, ಆ ಮದ್ದು ನನ್ ಹತ್ರ ಇಲ್ವಲ್ಲ."

ವ್ಯಾನು ಹಾರಿಕೊಂಡು ಹೋಯಿತು. ಆಕಳು ಮಲಗಿಬಿಟ್ಟಿತ್ತು, ನಾಲಿಗೆ ಹೊರಗಿತ್ತು. ನಾನು ಚರ್ಮದ ಚೀಲದಿಂದ ಕೊಳವೆಸೂಜಿ ತೆಗೆದು, ಎಡಪಕ್ಕೆಯಲ್ಲಿ ಜಾಗ ನೋಡಿ ಚುಚ್ಚಿದೆ. ಮಾಲತೇಶ ಅದರ ತಲೆ ಹಿಡಿದು, ಉಸಿರಿಗೆ ಉಸಿರು ಒಗ್ಗಿಸಿ ಸುಮ್ಮನೆ ಕುಳಿತ. ಗಾಳಿ ಬುಸ್ಸೆಂದು ಬಂತು. ನಾಲ್ಕೂವರೆಗೆ ಎದ್ದು ನಿಂತಿತು. ಪರಮಶಿವಪ್ಪ ನನ್ನ ಕಾಲಿಗೆ ಬೀಳಲು ಬಂದರು, ನಾನು ಹಿಂದೆ ಸರಿದೆ.

ವಾಪಸ್ ಬಂದಾಗ ಎರಡು ಎಲೆ ಮುಚ್ಚಿಟ್ಟಿದ್ದರು. ಒಂದನ್ನು ಲೋಕಮ್ಮ ಮುಚ್ಚಿದ್ದು, ಇನ್ನೊಂದನ್ನು ವಾಗ್ದೇವಿ. ಮೂರನೆಯದರ ಮುಂದೆ ತೋಟಪ್ಪ ಹಾಗೇ ಕುಳಿತಿದ್ದರು, ತುತ್ತು ಮುಟ್ಟಿರಲಿಲ್ಲ. ಮಾಲತೇಶ ಪಕ್ಕದಲ್ಲಿ ಕುಳಿತು ಮೊದಲ ತುತ್ತು ಕಲಸಿ ಅವರ ಬಾಯಿಗಿಟ್ಟ. ಮೂವರೂ ಒಟ್ಟಿಗೆ ಉಂಡೆವು. ಎಲ್ಲ ತಣ್ಣಗಾಗಿತ್ತು.

ಮನೆಗೆ ಬಂದು ಅಂಗಿ ಬಿಚ್ಚುವಾಗ ನೋಡಿದರೆ ತೋಳಿನ ಮೇಲೆ ಹೋಳಿಗೆಯ ಹೂರಣ ಒಣಗಿ ಅಂಟಿದೆ. ಎಲೆ ಬಿಟ್ಟು ಏಳುವ ಅವಸರದಲ್ಲಿ ಕೈ ತೊಳೆಯಲೂ ಇಲ್ಲ, ಜಡೆಯಲ್ಲೇ ತೊಳೆದದ್ದಿರಬೇಕು. ಅಂಗಿ ನೆನೆಸಿಡಬೇಕು.